ಮೂರು ನಕ್ಷತ್ರದ ಊರು

ಫ್ರೌಕೆ ವಿರ್ಸೆಮಾ ಮಾಡುವ ಕೆಲಸಕ್ಕೆ ನಮ್ಮೂರಿನಲ್ಲಿ ಸರಿಯಾದ ಹೆಸರಿಲ್ಲ. ಪುರಸಭೆಯ ಕಾಗದದಲ್ಲಿ ‘ಸಲಹೆಗಾರ್ತಿ’ ಎಂದು ಬರೆದಿದೆ. ಅದನ್ನು ಓದಿ ಅವಳ ಸ್ವಂತ ಅಕ್ಕನೇ ನಕ್ಕಳು. ಅಂಗಡಿಯವರು ‘ಶುಕ್ರವಾರದವಳು’ ಎನ್ನುತ್ತಾರೆ. ಸದ್ಯಕ್ಕೆ ಅದೇ ಸರಿ. ಮಳೆಯಿರಲಿ, ಸಮುದ್ರದ ಕಡೆಯಿಂದ ಮುಖಕ್ಕೆ ರಾಚುವ ಗಾಳಿಯಿರಲಿ, ಶುಕ್ರವಾರ ಬೆಳಿಗ್ಗೆ ಫ್ರೌಕೆ ಸೈಕಲ್ ಹತ್ತಿ ಊರಿನ ಹನ್ನೊಂದು ಅಂಗಡಿಗಳಿಗೆ ಹೋಗುತ್ತಾಳೆ. ಆ ವಾರ ಅವರ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಯಾರು ಏನು ಬರೆದರು, ಎಷ್ಟು ನಕ್ಷತ್ರ ಕೊಟ್ಟರು ಎನ್ನುವುದನ್ನು ಓದಿ ಹೇಳಿ ಬರುತ್ತಾಳೆ.

ಹನ್ನೊಂದೂ ಸಣ್ಣ ಅಂಗಡಿಗಳೇ. ಒಂದು ಸೈಕಲ್ ರಿಪೇರಿ, ಹೆಂಗಸರ ಕೂದಲು ಕತ್ತರಿಸುವ ಅಂಗಡಿ, ಕಾಲುವೆ ಪಕ್ಕದ ಮೀನಿನವನು, ಕನ್ನಡಕದವನು, ಹೂವಿನವಳು, ಬೇಕರಿ, ಹೀಗೆ. ಇವರಿಗೆಲ್ಲ ಕೈತುಂಬ ಕೆಲಸ, ಫೋನು ನೋಡಲು ಪುರುಸೊತ್ತಿಲ್ಲ. ಒಬ್ಬರೇ ಕೂತು ಓದಿದರೆ ಒಂದು ಕೆಟ್ಟ ಮಾತು ವಾರವಿಡೀ ಚುಚ್ಚುತ್ತದೆ. ಅದೇ ಮಾತನ್ನು ಎದುರಿಗೆ ಕೂತ ಅರವತ್ತೊಂದರ ಹೆಂಗಸೊಬ್ಬಳು ಹವಾಮಾನ ವರದಿ ಓದುವ ದನಿಯಲ್ಲಿ ಓದಿದರೆ ಅರ್ಧ ವಿಷ ಇಳಿದುಹೋಗುತ್ತದೆ. ಅದಕ್ಕೇ ಫ್ರೌಕೆ ಕಾಗದವನ್ನು ಕೈಗೆ ಕೊಟ್ಟು ಬರುವುದಿಲ್ಲ, ಕೂತು ಓದುತ್ತಾಳೆ.

ಆ ಕಾಗದದಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಬರೆದವರ ಮಾತು, ಇದ್ದದ್ದು ಇದ್ದ ಹಾಗೆ. ಎರಡನೆಯದರಲ್ಲಿ ಆ ಮಾತಿನ ಅರ್ಥ. ಮೂರನೆಯದರಲ್ಲಿ ಅಂಗಡಿಯವರು ಮಾಡಬೇಕಾದ್ದು. ಮೊದಲನೆಯದನ್ನು ಯಾವ ಕಂಪ್ಯೂಟರ್ ಬೇಕಾದರೂ ಹೆಕ್ಕಿ ಕೊಟ್ಟೀತು. ಎರಡನೆಯದಕ್ಕೆ ಊರಿನ ಒಂದೊಂದು ಮನೆಯ ಅಡುಗೆಮನೆಯೂ ಗೊತ್ತಿರಬೇಕು. ಸೈಕಲ್ ಅಂಗಡಿಯವನ ಬಗ್ಗೆ ಒಬ್ಬ ‘ರಿಪೇರಿ ಚೆನ್ನಾಗಿದೆ, ಮಾತು ಜಾಸ್ತಿ’ ಎಂದು ಬರೆದಿದ್ದ. ಫ್ರೌಕೆ ಎರಡನೆಯ ಕಾಲಮ್ಮಿನಲ್ಲಿ ‘ನಿಜ’ ಎಂದು ಬರೆದಳು, ಮೂರನೆಯದರಲ್ಲಿ ‘ಏನೂ ಮಾಡಬೇಕಿಲ್ಲ, ಇವನು ಬದಲಾಗುವ ಪೈಕಿಯಲ್ಲ’ ಎಂದು. ಕೂದಲಂಗಡಿಗೆ ಒಬ್ಬಳು ಒಂದೇ ನಕ್ಷತ್ರ ಕೊಟ್ಟು ಬೈದಿದ್ದಳು. ಅದಕ್ಕೆ ಫ್ರೌಕೆ ಬರೆದದ್ದು: ‘ಗಂಡ ಮನೆ ಬಿಟ್ಟು ನಾಲ್ಕು ದಿನವಾಗಿದೆ, ಕೂದಲಿನ ವಿಷಯವಲ್ಲ. ಉತ್ತರ ಕೊಡಬೇಡಿ, ಮುಂದಿನ ಸಲ ಬಂದಾಗ ಕಾಫಿ ಕೊಡಿ.’

ಅವಳದೊಂದು ಕಟ್ಟುನಿಟ್ಟು ಇದೆ. ಬರೆದದ್ದನ್ನು ಬಿಡುವುದಿಲ್ಲ, ಇಲ್ಲದ್ದನ್ನು ಸೇರಿಸುವುದಿಲ್ಲ, ಯಾರನ್ನೂ ಕೇಳಿ ಬರೆಸುವುದಿಲ್ಲ. ಈ ಕಟ್ಟುನಿಟ್ಟನ್ನು ಅವಳು ಮುರಿದದ್ದು ಒಂದೇ ಸಲ. ಹೇಳಬೇಕಾದದ್ದು ಆ ಕತೆಯನ್ನೇ. ಆದರೆ ಅದಕ್ಕೆ ಮೊದಲು ನಮ್ಮ ಜನರ ಒಂದು ಕಾಯಿಲೆಯ ಬಗ್ಗೆ ಹೇಳಬೇಕು.

ನೆದರ್‌ಲ್ಯಾಂಡ್ಸಿನ ಉತ್ತರದ ಮೂಲೆಯಲ್ಲಿರುವ ನಾವು ಹೊಗಳುವುದಿಲ್ಲ. ಮಾತು ಬರುವುದಿಲ್ಲ ಅಂತಲ್ಲ, ಬೈಯಲು ಚೆನ್ನಾಗಿಯೇ ಬರುತ್ತದೆ. ನಮ್ಮಲ್ಲಿ ಹೊಗಳಿಕೆಯ ಕೊನೆಯ ಮೆಟ್ಟಿಲು ‘ಪರವಾಗಿಲ್ಲ’. ಮದುವೆಯೂಟ ಪರವಾಗಿಲ್ಲ, ಹುಟ್ಟಿದ ಮಗು ಪರವಾಗಿಲ್ಲ, ಬಿರುಗಾಳಿಯಿಡೀ ಕಡಲನ್ನು ತಡೆದು ನಿಂತ ಒಡ್ಡು ಪರವಾಗಿಲ್ಲ. ಶಾಲೆಯಲ್ಲಿ ಹತ್ತಕ್ಕೆ ಎಂಟು ಬಂದರೆ ಮನೆಯಲ್ಲಿ ಕೇಕ್ ಕತ್ತರಿಸುತ್ತಿದ್ದರು, ಹತ್ತಕ್ಕೆ ಹತ್ತು ತಂದ ಮಗುವನ್ನು ನಾನಂತೂ ನೋಡಿಲ್ಲ. ಇಂಥವರ ಕೈಗೆ ಐದು ನಕ್ಷತ್ರ ಕೊಟ್ಟರೆ ಏನಾಗಬೇಕೋ ಅದೇ ಆಗಿದೆ. ಮೂರು ಎಂದರೆ ತೃಪ್ತಿಯಾಗಿದೆ, ಸಾಯುವ ತನಕ ಇಲ್ಲಿಗೇ ಬರುತ್ತೇನೆ ಎಂದರ್ಥ. ನಾಲ್ಕು ಎಂದರೆ ಅಂಗಡಿ ಭಾವಮೈದುನನದು. ಐದು ಕೊಡುವವರು ಜರ್ಮನಿಯಿಂದ ಬಂದ ಪ್ರವಾಸಿಗಳು ಮಾತ್ರ.

ಆದರೆ ಯಾರಾದರೂ ಸತ್ತರೆ ನಮ್ಮವರ ಕಟ್ಟೆಯೊಡೆಯುತ್ತದೆ. ಇದು ಫ್ರೌಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಈ ಕೆಲಸಕ್ಕೆ ಮೊದಲು ಅವಳು ಇಪ್ಪತ್ತೇಳು ವರ್ಷ ಜಿಲ್ಲಾ ಪತ್ರಿಕೆಯ ಕೌಂಟರಿನಲ್ಲಿ ಕೂತಿದ್ದಳು. ಹಳೆಯ ಮಂಚ ಮಾರುವವರ ಜಾಹೀರಾತನ್ನೂ ಸಾವಿನ ಪ್ರಕಟಣೆಗಳನ್ನೂ ಅವಳೇ ಬೆರಳಚ್ಚು ಮಾಡುತ್ತಿದ್ದಳು. ಜನ್ಮದಲ್ಲಿ ಹೆಂಡತಿಗೊಂದು ಒಳ್ಳೆಯ ಮಾತಾಡದವನು ಬಂದು ‘ನೀನು ನಮ್ಮ ಮನೆಯ ಬೆಳಕಾಗಿದ್ದೆ’ ಎಂದು ಬರೆಸುತ್ತಿದ್ದ. ತನ್ನಪ್ಪ ತೀರಿಕೊಂಡಾಗ ಫ್ರೌಕೆಯೂ ‘ಕೊನೆಯವರೆಗೂ ಇನ್ನೊಬ್ಬರಿಗಾಗಿ ಬದುಕಿದವರು’ ಎಂದು ಟೈಪು ಮಾಡಿ, ಅಲ್ಲಿಗೇ ಕೈ ನಿಲ್ಲಿಸಿದಳು. ಹನ್ನೆರಡು ವರ್ಷ ಪ್ರತಿ ಭಾನುವಾರ ಅಪ್ಪನ ಎದುರಿಗೆ ಕೂತು ಸೂಪು ಕುಡಿದಿದ್ದಳು. ಆ ಮಾತನ್ನು ಅಲ್ಲಿ ಒಂದು ದಿನವೂ ಹೇಳಿರಲಿಲ್ಲ. ಈಗ ಊರಿಗೆಲ್ಲ ಓದಲು ಸಿಗುತ್ತದೆ, ಅಪ್ಪನೊಬ್ಬನನ್ನು ಬಿಟ್ಟು. ಅವಳಿಗೆ ಅಳು ಬರಲಿಲ್ಲ, ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಪತ್ರಿಕೆಯ ಕೌಂಟರ್ ಮುಚ್ಚಿದ ವರ್ಷ ಕೂದಲಂಗಡಿಯವಳು ಬಂದು, “ನನ್ನ ಬಗ್ಗೆ ಯಾರೋ ಏನೋ ಬರ್ದಿದ್ದಾರಂತೆ, ನೋಡೋಕೆ ಭಯ, ನೀನೇ ನೋಡಿ ಹೇಳು” ಎಂದಳು. ಕೆಲಸ ಶುರುವಾದದ್ದು ಹಾಗೆ.

ಬೇಕರಿಯ ಫೀನ್ ಬಂದದ್ದು ಮೂರು ವರ್ಷದ ಹಿಂದೆ. ಮುದುಕ ಪೊಪ್ಕೊ ಮಂಡಿನೋವಿನಿಂದ ಬೇಕರಿ ಬಿಟ್ಟಾಗ ಅವನದೇ ಕಟ್ಟಡವನ್ನು ಬಾಡಿಗೆಗೆ ಹಿಡಿದು ಲಿಂಬುರ್ಗಿನಿಂದ ಬಂದಳು. ಒಂದೇ ದೇಶ, ಒಬ್ಬನೇ ರಾಜ. ಆದರೆ ಲಿಂಬುರ್ಗ್ ದಕ್ಷಿಣದ ಕೊನೆ, ನಾವು ಉತ್ತರದ ಕೊನೆ. ಅಲ್ಲಿಯವರು ಬೀದಿಯಲ್ಲಿ ಸಿಕ್ಕರೆ ಕೆನ್ನೆಗೆ ಮೂರು ಮುತ್ತು ಕೊಡುತ್ತಾರೆ, ಬೇಕರಿಯಲ್ಲಿ ಕೌಂಟರಿನ ಮೇಲೆ ಬಗ್ಗಿ ‘ನಮ್ಮಜ್ಜಿ ಕೈರುಚಿ ಕಣಮ್ಮ ಇದು’ ಎನ್ನುತ್ತಾರೆ. ಮೂವತ್ತಾರರ ಫೀನ್ ಅಂಥ ಕಡೆಯವಳು. ಬಂದವಳು ಪೊಪ್ಕೊನ ಬ್ರೆಡ್ಡನ್ನು ಅವನಿಗಿಂತ ಚೆನ್ನಾಗಿ ಮಾಡಿದಳು. ಜೊತೆಗೆ ತನ್ನೂರಿನ ವ್ಲಾಯ್ ಮಾಡಿದಳು. ಅದು ತಟ್ಟೆಯಗಲದ, ಹಣ್ಣು ತುಂಬಿದ ಸಿಹಿ ರೊಟ್ಟಿ. ಒಂದರಲ್ಲಿ ಹಣ್ಣಿನ ಬದಲು ಹಾಲಿನಲ್ಲಿ ಬೇಯಿಸಿದ ಅನ್ನ. ರೊಟ್ಟಿಯೊಳಗೆ ಅನ್ನವೇ ಎಂದು ನಮ್ಮವರು ಆರು ತಿಂಗಳು ಅನುಮಾನಪಟ್ಟರು. ಏಳನೆಯ ತಿಂಗಳು ಶನಿವಾರದ ಸಾಲು ಸೇತುವೆಯ ತನಕ ಬಂತು.

ಸಾಲಿನಲ್ಲಿ ನಿಂತವರು ಮಾತ್ರ ನಮ್ಮವರೇ. “ಎರಡು ಬ್ರೆಡ್. ಹೋಳು ಮಾಡು” ಎನ್ನುವುದು, ತೆಗೆದುಕೊಳ್ಳುವುದು, ಹೋಗುವುದು.

ಬೇರೆ ಅಂಗಡಿಯಲ್ಲಿ ಫ್ರೌಕೆ ಕಾಲು ಗಂಟೆ ಕೂರುತ್ತಾಳೆ. ಬೇಕರಿಯಲ್ಲಿ ಒಂದು ಗಂಟೆ. ಫೀನ್ ಅವಳನ್ನು ಹಿಂದಿನ ಕೋಣೆಗೆ ಕರೆದು, ಕೆನ್ನೆಗೆ ಮೂರು ಮುತ್ತು ಕೊಟ್ಟು, ಅನ್ನದ ವ್ಲಾಯಿನ ಮೊದಲ ಹೋಳು ಇಡುತ್ತಾಳೆ. ಮುತ್ತು ಕೊಡುವಾಗ ಫ್ರೌಕೆ ಬೇಲಿಕಂಬದ ಹಾಗೆ ನಿಲ್ಲುತ್ತಾಳೆ. ಆದರೆ ಗುರುವಾರ ಬಂದರೆ ಅವಳಿಗೆ ಒಳಗೊಳಗೇ ಖುಷಿ. ಮಕ್ಕಳಿಲ್ಲದ, ಮದುವೆಯ ಗೊಡವೆಗೂ ಹೋಗದ ಅವಳಿಗೆ ಈ ಖುಷಿ ಹೊಸದು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಫೀನ್‌ಗಂತೂ ಹೇಳಲೇ ಇಲ್ಲ.

ಜನವರಿಯ ಒಂದು ಶುಕ್ರವಾರ ಫ್ರೌಕೆ ಕಾಗದ ಬಿಚ್ಚುತ್ತಿದ್ದಾಗ ಫೀನ್ ಕಾಲಿನಲ್ಲೇ ಓವನ್ನಿನ ಬಾಗಿಲು ತಳ್ಳಿ ಕೇಳಿದಳು.

“ಎಷ್ಟು?”

“ಈ ವಾರ ಐದು ಜನ. ಎಲ್ಲಾ ಮೂರು.”

“ಮತ್ತೆ ಮೂರಾ?”

“ಓಕ್ಕೊ ಬರ್ದಿರೋದು ಕೇಳು. ‘ಬ್ರೆಡ್ಡು ಬ್ರೆಡ್ಡಿನ ಹಾಗೇ ಇದೆ. ಮೂರು.’” ಓಕ್ಕೊ ಕಡಲ ಒಡ್ಡಿನ ಮೇಲ್ವಿಚಾರಕ, ಬಿರುಕು ಹುಡುಕುವುದೇ ಅವನ ಉದ್ಯೋಗ.

“ಇದು ಹೊಗಳಿಕೆ ಅಂತೀರಾ?”

“ಓಕ್ಕೊ ಬಾಯಲ್ಲಿ ಇದು ಹಬ್ಬ ಕಣೇ. ಕಟ್ಕೊಂಡ ಹೆಂಡ್ತಿಗೂ ಅವನು ಇಷ್ಟು ಹೇಳಿಲ್ಲ.”

ಫೀನ್ ನಗಲಿಲ್ಲ. ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. “ನೀವು ಪ್ರತಿ ವಾರ ಇದೇ ಹೇಳ್ತೀರಿ ಫ್ರೌಕೆ. ಎರಡನೇ ಕಾಲಂ ತುಂಬ ಚೆನ್ನಾಗಿರುತ್ತೆ. ಆದ್ರೆ ಅದನ್ನ ಬರೆಯೋದು ನೀವು. ನನಗೆ ಬೇಕಾಗಿರೋದು ಮೊದಲನೇ ಕಾಲಂ. ಅವರ ಕೈಯಿಂದಲೇ ಬರಬೇಕು.”

“ಜನ ಬರ್ತಿದ್ದಾರಲ್ಲ. ಶನಿವಾರ ಸಾಲು ನೋಡಿದೀಯಾ?”

“ಬೇರೆ ಬೇಕರಿ ಇಲ್ಲ, ಬರ್ತಾರೆ. ಬಸ್ಸಿಗೂ ಹಾಗೇ ನಿಲ್ತಾರೆ. ಬಸ್ಸಿನ ಮೇಲೆ ಪ್ರೀತಿನಾ?” ಎಂದಳು ಫೀನ್. ಆಮೇಲೆ ಹೇಳಬೇಕಾದ್ದನ್ನು ಹೇಳಿದಳು. “ಫೆಬ್ರವರಿ ಕೊನೇ ಶನಿವಾರಕ್ಕೆ ಕರಾರು ಮುಗಿಯುತ್ತೆ. ಪೊಪ್ಕೊ ಇನ್ನೈದು ವರ್ಷಕ್ಕೆ ಸಹಿ ಹಾಕು ಅಂತಿದ್ದಾನೆ. ಅಲ್ಲಿ ನಮ್ಮೂರಲ್ಲಿ ನನ್ನ ಚಿಕ್ಕಮ್ಮನ ಮಗ ಅಂಗಡಿ ನೋಡಿಟ್ಟಿದ್ದಾನೆ. ಮೂರು ವರ್ಷ ಬೆಳಿಗ್ಗೆ ಮೂರಕ್ಕೆ ಎದ್ದಿದ್ದೀನಿ ಫ್ರೌಕೆ, ಒಬ್ಬರೂ ಒಂದು ಮಾತು ಹೇಳಿಲ್ಲ. ಬೇಡದ ಕಡೆ ಇನ್ನೈದು ವರ್ಷ ಯಾಕಿರಲಿ?”

ಫ್ರೌಕೆ ಹೋಳು ಮುಗಿಸಿದಳು. ಹೇಳಬೇಕೆಂದುಕೊಂಡದ್ದು ಬೇರೆ ಇತ್ತು. “ಉಳಿದ ನಾಲ್ಕು ಓದ್ತೀನಿ” ಎಂದಳು.

ಆ ಭಾನುವಾರವಿಡೀ ಅವಳು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಬುಧವಾರ ಹತ್ತು ಗಂಟೆಗೆ ಸಮುದಾಯ ಭವನದಲ್ಲಿ ಊರವರ ಕಾಫಿಕೂಟ. ಒಂದು ಬಟ್ಟಲು ಕಾಫಿಗೆ ಒಂದು ಬಿಸ್ಕತ್ತು, ಕೊಟ್ಟ ತಕ್ಷಣ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಬೇಕು, ಅದು ಪದ್ಧತಿ. ಮೂವತ್ತು ಜನ ಸೇರಿದ್ದರು. ಫ್ರೌಕೆ ಎದ್ದು ನಿಂತಳು. ಅವಳು ಎದ್ದು ನಿಂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

“ಬೇಕರಿ ಹುಡುಗಿಗೆ ಎಲ್ಲರೂ ಐದು ಸ್ಟಾರ್ ಕೊಟ್ಟು ನಾಲ್ಕು ಒಳ್ಳೆ ಮಾತು ಬರೀರಿ.”

“ಯಾಕೆ, ಹುಷಾರಿಲ್ವಾ ಅವಳಿಗೆ?” ಎಂದು ನಿವೃತ್ತ ಟೀಚರ್ ಆಫ್ಕೆ ಗಾಬರಿಯಾದಳು.

“ಹುಷಾರಾಗೇ ಇದ್ದಾಳೆ.”

“ಈಗಲೇ ಐದು ಕೊಟ್ಬಿಟ್ರೆ, ಮುಂದಿನ ವರ್ಷ ಇನ್ನೂ ಚೆನ್ನಾಗಿ ಮಾಡಿದ್ರೆ ಏನು ಕೊಡೋದು?” ಎಂದ ಓಕ್ಕೊ.

“ಮುಂದಿನ ವರ್ಷ ಅವಳು ಇರಲ್ಲ ಓಕ್ಕೊ. ಅದನ್ನೇ ಬಡ್ಕೋತಿರೋದು ನಾನು.”

ಸ್ವಲ್ಪ ಹೊತ್ತಾದ ಮೇಲೆ ಬಿಸ್ಕತ್ತಿನ ಡಬ್ಬಿ ತಾನಾಗಿಯೇ ಎರಡನೆಯ ಸುತ್ತು ಬಂತು. ನನ್ನ ನೆನಪಿನಲ್ಲಿ ಅಂಥದ್ದು ಆದದ್ದು ಅದೊಂದೇ ಸಲ.

ನಮ್ಮ ಜನ ಹೇಳಿದರೆ ಮಾಡುವವರು. ಆದರೆ ಹೊಗಳಿ ಅಭ್ಯಾಸವಿಲ್ಲದ ಕೈ, ಬರೆಯಲು ಕೂತರೆ ಮಾತೆಲ್ಲಿಂದ ತರಬೇಕು? ಒಳ್ಳೆಯ ಮಾತು ಅಚ್ಚಾದದ್ದನ್ನು ಅವರು ನೋಡಿದ್ದು ಒಂದೇ ಕಡೆ, ಸಾವಿನ ಪ್ರಕಟಣೆಯಲ್ಲಿ. ಅಲ್ಲಿಂದಲೇ ಎತ್ತಿದರು. ಗುರುವಾರ ಮಧ್ಯಾಹ್ನದೊಳಗೆ ಇಪ್ಪತ್ತಮೂರು ಜನ ಐದೈದು ನಕ್ಷತ್ರ ಕೊಟ್ಟಿದ್ದರು. ಫ್ರೌಕೆ ಅದನ್ನು ಒಂದೊಂದಾಗಿ ಓದುತ್ತಾ ಹೋದ ಹಾಗೆ ಅವಳ ಚಹಾ ಆರಿತು.

ಶುಕ್ರವಾರ ಹೋದಾಗ ಮುತ್ತೂ ಇರಲಿಲ್ಲ, ವ್ಲಾಯೂ ಇರಲಿಲ್ಲ. ಫೀನ್ ಫೋನು ಹಿಡಿದು ನಿಂತಿದ್ದಳು.

“ಬನ್ನಿ ಫ್ರೌಕೆ. ನಾನು ಸತ್ತು ಎಷ್ಟು ದಿನ ಆಯ್ತು?”

ಫೀನ್ ಫೋನು ಎತ್ತಿ ಹಿಡಿದು ಓದತೊಡಗಿದಳು.

“‘ಸದಾ ನಗುಮುಖದ, ಯಾರಿಗೂ ಇಲ್ಲವೆನ್ನದ ನಮ್ಮ ಫೀನ್.’ ಇದು ಆಫ್ಕೆ ಮೇಡಂ. ‘ನಿನ್ನ ಬ್ರೆಡ್ಡಿನ ನೆನಪು ನಮ್ಮಲ್ಲಿ ಸದಾ ಹಸಿರು.’ ಇದು ಓಕ್ಕೊ. ಓಕ್ಕೊ ಬಾಯಲ್ಲಿ ಹಸಿರು ಬರುತ್ತಾ? ಒಂದೇ ದಿನ ಇಪ್ಪತ್ತಮೂರು.” ಅವಳು ಫೋನನ್ನು ಹಿಟ್ಟಿನ ಮೇಲೇ ಇಟ್ಟಳು. “ನೀವು ಹೇಳಿ ಬರೆಸಿದ್ದಾ?”

ಇಲ್ಲ ಎನ್ನಬಹುದಿತ್ತು. ಫ್ರೌಕೆಗೆ ಸುಳ್ಳು ಹೇಳಿ ಗೊತ್ತಿಲ್ಲ. “ಹೌದು” ಎಂದಳು.

“ಕೇಳಿದ್ರೆ ಐದು, ಕೇಳದಿದ್ರೆ ಮೂರು. ಹಾಗಾದ್ರೆ ನಿಜ ಯಾವುದು, ನೀವೇ ಹೇಳಿ.”

ಉತ್ತರ ಫ್ರೌಕೆಗೆ ಗೊತ್ತಿತ್ತು. ಅದನ್ನು ಆಡಲು ಬೇಕಾದ ಅಭ್ಯಾಸ ಮಾತ್ರ ಅವಳಿಗಿರಲಿಲ್ಲ. “ಎಲ್ಲಾ ತೆಗೆಸ್ತೀನಿ” ಎಂದುಬಿಟ್ಟಳು. ಸೈಕಲ್ ಹತ್ತುವಷ್ಟರಲ್ಲೇ ಅದು ಹೇಳಬಾರದ ಮಾತಾಗಿತ್ತು ಎಂದು ಅವಳಿಗೆ ಗೊತ್ತಾಯಿತು. ತೆಗೆಸುವುದೇನೋ ಸುಲಭವಾಯಿತು. ಇಪ್ಪತ್ತಮೂರು ಜನವೂ ತಮ್ಮ ಮಾತನ್ನು ವಾಪಸು ಪಡೆದರು. ಎದೆ ಹಗುರಾಯಿತು ಎಂದ ಓಕ್ಕೊ. ಇಡೀ ಊರಿನಲ್ಲಿ ಹಗುರಾಗದ ಎದೆ ಫ್ರೌಕೆಯದೊಂದೇ. ಒಳ್ಳೆಯದು ಮಾಡಲು ಹೋಗಿ ಹುಡುಗಿಯನ್ನು ತಾನೇ ಊರಾಚೆ ತಳ್ಳಿದೆ ಎಂದು ಅವಳಿಗೆ ನಾಚಿಕೆಯಾಯಿತು.

ಫೆಬ್ರವರಿಯಲ್ಲಿ ಲಿಂಬುರ್ಗಿನವರಿಗೆ ಕಾರ್ನಿವಾಲ್. ವೇಷ ಹಾಕಿ, ವಾದ್ಯ ಊದಿ, ಮೂರು ದಿನ ಬೀದಿಯಲ್ಲೇ ಬಿದ್ದಿರುವ ಹಬ್ಬ. ನಮ್ಮ ಕಡೆಯವರು ಅದನ್ನು ದೂರದಿಂದ ನೋಡಿದರೂ ಅಂಟಿಕೊಳ್ಳುತ್ತದೆ ಎಂದು ಹೆದರುತ್ತಾರೆ. ಹಿಂದಿನ ಎರಡು ವರ್ಷ ಫೀನ್ ಅಂಗಡಿ ಬಿಟ್ಟು ಹೋಗಿರಲಿಲ್ಲ. ಈ ಸಲ ಹಬ್ಬದ ಹಿಂದಿನ ಶುಕ್ರವಾರ ಸಂಜೆ ಬಾಗಿಲು ಹಾಕಿ, ಕಿಟಕಿಗೆ ‘ಹಬ್ಬಕ್ಕೆ ಊರಿಗೆ ಹೋಗಿದ್ದೇನೆ’ ಎಂದು ಕಾಗದ ಅಂಟಿಸಿ ಹೋದಳು. ಯಾವಾಗ ಬರುತ್ತೇನೆಂದು ಅದರಲ್ಲಿರಲಿಲ್ಲ. ಪೊಪ್ಕೊ ಕರಾರಿನ ಕಾಗದ ಹಿಡಿದು ಕೇಳಿದ್ದಕ್ಕೆ, ಹಬ್ಬ ಮುಗಿದ ಮೇಲೆ ಫೋನು ಮಾಡಿ ಹೇಳುತ್ತೇನೆ ಎಂದಿದ್ದಳಂತೆ. ಬರುವವಳು ಹಾಗೆ ಹೇಳುವುದಿಲ್ಲ ಎಂದು ಪೊಪ್ಕೊ ಊರಿಗೆಲ್ಲ ಹೇಳಿದ. ಕೊನೆಯ ಶನಿವಾರಕ್ಕೆ ಉಳಿದದ್ದು ಎಂಟು ದಿನ.

ಮೊದಲನೆಯದು ಮರುದಿನ, ಶನಿವಾರ ಬೆಳಿಗ್ಗೆ ಬಂತು. ಓಕ್ಕೊನದು. ಒಂದು ನಕ್ಷತ್ರ.

‘ಏಳು ಇಪ್ಪತ್ತು. ಬಾಗಿಲು ಹಾಕಿದೆ. ಕಿಟಕಿಯಲ್ಲಿ ಕಾಗದವಿದೆ. ಕಾಗದ ತಿನ್ನಲು ಬರುವುದಿಲ್ಲ.’

ಸೋಮವಾರ ಆಫ್ಕೆ: ‘ಸೂಪರ್ ಮಾರ್ಕೆಟ್ಟಿನ ಬ್ರೆಡ್ ತಂದೆ. ಕಾಲುವೆಯ ಬಾತುಕೋಳಿಗೆ ಹಾಕಿದೆ. ಅವೂ ಪೂರ್ತಿ ತಿನ್ನಲಿಲ್ಲ. ಒಂದು.’ ಮಂಗಳವಾರ ಹಾಲು ಕರೆಯುವ ಒಬ್ಬ ರೈತ: ‘ಹೆಂಡತಿಯ ಹುಟ್ಟುಹಬ್ಬ. ವ್ಲಾಯ್ ಇಲ್ಲ. ಹೆಂಡತಿ ಬೆಳಿಗ್ಗೆಯಿಂದ ಮಾತಾಡಿಲ್ಲ. ಇದಕ್ಕೆ ಯಾರು ಹೊಣೆ?’ ಅದೇ ದಿನ ಮತ್ತೊಬ್ಬ: ‘ಮೂರು ವರ್ಷದ ಹಿಂದೆ ಇದೆಲ್ಲ ಇರಲಿಲ್ಲ, ಆಗ ಹೇಗೋ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. ಅಭ್ಯಾಸ ಮಾಡಿಸಿ ಹೋಗುವುದು ಮರ್ಯಾದೆಯಲ್ಲ.’ ಬುಧವಾರ ಯಾರೋ ಒಬ್ಬರು, ದಕ್ಷಿಣದವರಿಗೆ ಅವರದೇ ಬೇಕರಿಗಳಿವೆಯಲ್ಲ, ನಮ್ಮದನ್ನೇಕೆ ಒಯ್ಯಬೇಕು ಎಂದು ಕೇಳಿದ್ದರು. ಒಂದು, ಒಂದು, ಒಂದು. ಜನ್ಮದಲ್ಲಿ ಏನೂ ಬರೆಯದವರು ಮೊಮ್ಮಕ್ಕಳಿಂದ ಖಾತೆ ತೆರೆಸಿ ಬರೆದರು. ಯಾರೂ ಅವರಿಗೆ ಹೇಳಿರಲಿಲ್ಲ. ಇಪ್ಪತ್ತಮೂರನ್ನು ತೆಗೆಸಿದ ಮೇಲೆ ಮೂರರ ಆಸುಪಾಸಿನಲ್ಲಿದ್ದ ಸರಾಸರಿ ಎರಡೂವರೆಗಿಂತ ಕೆಳಗೆ ಬಿತ್ತು. ಊರಿನ ಹನ್ನೊಂದು ಅಂಗಡಿಗಳಲ್ಲಿ ಅಷ್ಟು ಕೆಳಗೆ ಯಾರೂ ಹೋದದ್ದಿಲ್ಲ.

ಗುರುವಾರ ಬೆಳಿಗ್ಗೆ ಫ್ರೌಕೆ ಕಾಗದ ಹರಡಿಕೊಂಡು ಕೂತಳು. ಫೀನ್ ಊರಲ್ಲಿಲ್ಲ, ಈ ವಾರದ್ದನ್ನು ಇಮೇಲಿನಲ್ಲಿ ಕಳಿಸಬೇಕು. ಕಳಿಸುವುದೇ? ಮೂರು ಕೊಟ್ಟದ್ದಕ್ಕೆ ನೊಂದವಳು ಹತ್ತೊಂಬತ್ತು ಜನ ಒಂದೊಂದು ಕೊಟ್ಟರೆ ಏನೆಂದುಕೊಂಡಾಳು? ಕರಾರೇ ಬೇಡವೆಂದು ಹೇಳಿಬಿಟ್ಟಾಳು. ನಾಲ್ಕೈದು ಬಿಟ್ಟು ಕಳಿಸಿದರೆ? ಅಥವಾ ಎರಡನೆಯ ಕಾಲಮ್ಮಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರೆ? ಹೇಳಲು ನೋಡಿದಳು. ‘ಓಕ್ಕೊ ಐದು ದಿನದಿಂದ ಸರಿಯಾಗಿ ತಿಂಡಿ ತಿಂದಿಲ್ಲ’ ಎಂದು ಬರೆದಳು. ‘ಆಫ್ಕೆಗೆ ನಿನ್ನ ಮೇಲೆ ಸಿಟ್ಟಿಲ್ಲ’ ಎಂದು ಬರೆದಳು. ಹತ್ತೊಂಬತ್ತಕ್ಕೂ ಬರೆದಳು. ಓದಿ ನೋಡಿದಾಗ ಅದು ಮತ್ತೆ ತನ್ನದೇ ದನಿಯಾಗಿತ್ತು. ಹುಡುಗಿ ಕೇಳಿದ್ದು ಅದನ್ನಲ್ಲ. ಫ್ರೌಕೆ ಎರಡನೆಯ, ಮೂರನೆಯ ಕಾಲಮ್ಮನ್ನು ಪೂರ್ತಿ ಅಳಿಸಿ, ಮೊದಲನೆಯದನ್ನು ಅಕ್ಷರ ಬಿಡದೆ ಕಳಿಸಿದಳು.

ಶುಕ್ರವಾರ ಅವಳು ಹತ್ತು ಅಂಗಡಿಗೆ ಹೋಗಿ ಬಂದಳು. ಬೇಕರಿಯ ಮುಂದೆ ಸೈಕಲ್ ಇಳಿಯಲಿಲ್ಲ. ಮನೆಗೆ ಬಂದು ಕೋಟು ಬಿಚ್ಚುವಾಗ ಫೋನು ಬಂತು.

“ಫ್ರೌಕೆ.” ಮೂರು ದಿನ ಹಾಡಿ ಫೀನ್‌ಳ ದನಿ ಒಡೆದುಹೋಗಿತ್ತು.

“ಹೇಳು.”

“ಹತ್ತೊಂಬತ್ತು ಜನ.”

“ಇವತ್ತು ಬೆಳಿಗ್ಗೆ ಇನ್ನೆರಡು ಬಂದಿವೆ. ಇಪ್ಪತ್ತೊಂದು.”

“ನೀವೇನಾದ್ರೂ ಹೇಳಿ ಬರೆಸಿದ್ರಾ?”

“ಒಂದು ಸ್ಟಾರ್ ಕೊಡಿ ಅಂತ ಯಾರು ಕಣೇ ಹೇಳ್ತಾರೆ?”

ಆ ಕಡೆಯಿಂದ ಒಂದು ನಗು ಬಂದ ಹಾಗಾಯಿತು, ನಡುವೆಯೇ ನಿಂತಿತು. “ಹನ್ನೆರಡನೇದು ಯಾರದು? ಹೆಸರಿಲ್ಲ, ಬರೀ ಒಂದಕ್ಷರ ಇದೆ.”

ಫ್ರೌಕೆಗೆ ನೋಡದೆಯೇ ಗೊತ್ತಿತ್ತು. “ಹಿಲ್ಕೆ. ಸೇತುವೆ ಆಚೆ ಮನೆ. ಅರ್ಧ ಬ್ರೆಡ್ ತಗೊಳ್ಳೋಳು.”

“ನಮ್ಮ ನೀಲಿ ಸ್ಕಾರ್ಫಿನ ಹಿಲ್ಕೆನಾ? ಅವರು ಮೂರು ವರ್ಷ ನನ್ನ ಮುಖ ಎತ್ತಿ ನೋಡಿಲ್ಲ.”

“ಅವಳೇ.”

ಫೀನ್ ಅದನ್ನು ಗಟ್ಟಿಯಾಗಿ ಓದಿದಳು. ಫ್ರೌಕೆ ಓದುವ ಹಾಗೆ ಹವಾಮಾನ ವರದಿಯ ದನಿ ತರಲು ನೋಡಿದಳು, ಬರಲಿಲ್ಲ. “‘ಅರ್ಧ ಬ್ರೆಡ್ ಕತ್ತರಿಸಿ ಕೊಡುವ ಬೇರೆ ಅಂಗಡಿಯಿಲ್ಲ. ಒಬ್ಬಳೇ ಇರುವವಳು ಇಡೀ ಬ್ರೆಡ್ಡನ್ನು ಏನು ಮಾಡಲಿ? ಅಲ್ಲಿಗೆ ಹೋದರೆ ಹುಡುಗಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಐದು ದಿನದಿಂದ ಯಾರೂ ಕರೆದಿಲ್ಲ. ಒಂದು.’”

ಫೀನ್ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

“ಎರಡನೇ ಕಾಲಂ ಖಾಲಿ ಬಿಟ್ಟಿದ್ದೀರಿ.”

“ಬರೆಯೋ ಅಗತ್ಯ ಇರ್ಲಿಲ್ಲ.”

“ಸರಿ. ಇದು ಹಿಲ್ಕೆ ಮಾತಾಯ್ತು, ಓಕ್ಕೊ ಮಾತಾಯ್ತು. ನೀವೇನು ಹೇಳ್ತೀರಿ?”

ಫ್ರೌಕೆ ಒಂದು ತೋಳು ಕೋಟಿನಲ್ಲಿ, ಒಂದು ತೋಳು ಹೊರಗೆ, ಹಾಗೇ ನಿಂತಿದ್ದಳು. ‘ಪರವಾಗಿಲ್ಲ’ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದಳು.

“ನೀನು ಬಂದ ಮೇಲೆ ನನಗೆ ಗುರುವಾರದಿಂದಲೇ ಖುಷಿ ಆಗೋಕೆ ಶುರುವಾಗುತ್ತೆ” ಎಂದಳು. ತನ್ನ ದನಿ ತನಗೇ ಬೇರೆಯವರದಾಗಿ ಕೇಳಿತು. “ಆ ವ್ಲಾಯ್‌ನ ತರಹದ್ದು ನಾನು ಹುಟ್ಟಿದ ಮೇಲೆ ತಿಂದಿಲ್ಲ. ನೀನು ಮುತ್ತು ಕೊಡುವಾಗ ನಾನು ಮರದ ಹಾಗೆ ನಿಲ್ತೀನಿ, ಅದು ಬೇಡ ಅಂತಲ್ಲ. ನಮ್ಮಪ್ಪನಿಗೆ ಹೇಳ್ಬೇಕಾದ್ದನ್ನ ಅವನು ಹೋದ ಮೇಲೆ ಪೇಪರಿನಲ್ಲಿ ಹಾಕಿಸ್ದೆ. ನಿನಗೆ ಬದುಕಿರುವಾಗಲೇ ಹೇಳ್ತಿದ್ದೀನಿ. ವಾಪಸ್ ಬಾ.”

ಆ ಕಡೆ ಫೀನ್ ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಫ್ರೌಕೆ ಬೆನ್ನು ನೇರ ಮಾಡಿಕೊಂಡು ಕಾದಳು. ಅವಳ ಕಿವಿ ಕೆಂಪಾಗಿ ಕಾಯುತ್ತಿತ್ತು, ನೋಡಲು ಯಾರೂ ಇರಲಿಲ್ಲ ಎನ್ನುವುದೇ ಪುಣ್ಯ.

“ಪೊಪ್ಕೊಗೆ ಹೇಳಿ, ಕಾಗದ ತಯಾರಿಟ್ಕೊಳ್ಳಲಿ” ಎಂದಳು ಫೀನ್ ಕೊನೆಗೆ. “ನಾಳೆ ಬೆಳಗಿನ ರೈಲಿಗೆ ಬರ್ತೀನಿ. ಸೋಮವಾರ ಏಳಕ್ಕೆ ಬಾಗಿಲು ತೆಗೀತೀನಿ.”

“ಹೇಳ್ತೀನಿ.” ಮಾತು ಕೆಲಸದ ಕಡೆಗೆ ತಿರುಗಿದ್ದೇ ಫ್ರೌಕೆಗೆ ಜೀವ ಬಂತು. “ಇನ್ನೊಂದು ವಿಷ್ಯ. ರೇಟಿಂಗ್ ತೀರಾ ಕೆಳಗೆ ಹೋಗಿದೆ, ಹೊರಗಿನವರು ನೋಡಿದ್ರೆ ಬಾಗಿಲಿಗೇ ಬರಲ್ಲ. ಅಂಗಡಿ ರಜೆ ಇದ್ದಾಗ ಬರೆದದ್ದು ನಿಯಮಕ್ಕೆ ವಿರುದ್ಧ ಅಂತ ಅರ್ಜಿ ಹಾಕಿದ್ರೆ ಇಪ್ಪತ್ತೊಂದನ್ನೂ ಅಳಿಸ್ತಾರೆ. ಅರ್ಜಿ ಬರ್ದಿಟ್ಟಿದ್ದೀನಿ. ಹ್ಞೂಂ ಅಂದ್ರೆ ಈಗ್ಲೇ ಕಳಿಸ್ತೀನಿ.”

“ಒಂದನ್ನೂ ಮುಟ್ಬೇಡಿ” ಎಂದಳು ಫೀನ್. “ಹೊರಗಿನವರು ಬರದಿದ್ರೆ ಬೇಡ. ಶನಿವಾರ ನಮ್ಮ ಜನಕ್ಕೇ ಬ್ರೆಡ್ ಸಾಕಾಗಲ್ಲ.”

ಫ್ರೌಕೆ ಬರೆದಿಟ್ಟಿದ್ದ ಅರ್ಜಿಯನ್ನು ಅಳಿಸಿ, ಕೋಟಿನ ಇನ್ನೊಂದು ತೋಳನ್ನೂ ಹಾಕಿಕೊಂಡು ಪೊಪ್ಕೊನ ಮನೆಗೆ ಹೊರಟಳು.